ಸೈಮನ್ ಕಿತ್ತುಕೊಟ್ಟ ಹಣ್ಣು

ಮನುಷ್ಯ ಹುಟ್ಟಾ ಕ್ರೂರಿ, ಒಳ್ಳೆಯತನವೆಲ್ಲ ಮೇಲಿನ ಬಣ್ಣ ಎನ್ನುವವರು ಮೊದಲು ಸಾಕ್ಷಿಗೆ ಕರೆಯುವುದು ವಿಲಿಯಂ ಗೋಲ್ಡಿಂಗ್‌ನ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯನ್ನು. 1954ರಲ್ಲಿ ಪ್ರಕಟವಾದ ಈ ಕಥೆಯಲ್ಲಿ ಯುದ್ಧಕಾಲದ ವಿಮಾನವೊಂದು ಉರುಳಿ, ಇಂಗ್ಲಿಷ್ ಹುಡುಗರು ನಿರ್ಜನ ದ್ವೀಪದಲ್ಲಿ ಸಿಕ್ಕಿಕೊಳ್ಳುತ್ತಾರೆ. ಹೇಳುವ ಕೇಳುವ ಹಿರಿಯರಿಲ್ಲ. ಬೇಟೆಗೆಂದು ಕಟ್ಟಿದ ಗುಂಪು ಕೊಲೆಗಡುಕರ ಗುಂಪಾಗಲು ಬಹಳ ಕಾಲ ಹಿಡಿಯುವುದಿಲ್ಲ. ಗೋಲ್ಡಿಂಗ್ ಸಾಲಿಸ್‌ಬರಿಯಲ್ಲಿ ಹುಡುಗರ ಶಾಲೆಯ ಮೇಷ್ಟ್ರಾಗಿದ್ದವನು. ನೌಕಾಪಡೆಯಲ್ಲಿದ್ದು 1944ರ ನಾರ್ಮಂಡಿ ದಾಳಿಯಲ್ಲಿ ಪಾಲ್ಗೊಂಡವನು. ಹುಡುಗರನ್ನೂ ಯುದ್ಧವನ್ನೂ ಅಷ್ಟು ಹತ್ತಿರದಿಂದ ಬಲ್ಲವನಿಗೆ ಮನುಷ್ಯನ ಮೇಲೆ ನಂಬಿಕೆ ಕಳೆದುಹೋದರೆ ಅಚ್ಚರಿಯಿಲ್ಲ. ಆದರೆ ಅವನು ಬರೆದ ಕಥೆ ಅವನ ನಿರಾಶೆಯ ಪರವಾಗಿ ಪೂರ್ತಿ ಸಾಕ್ಷಿ ನುಡಿಯುವುದಿಲ್ಲ.

ಬೇಟೆಗಾರರ ನಾಯಕ ಜಾಕ್‌ನನ್ನೇ ನೋಡಿ. ಮೊದಲ ದಿನ, ಬಳ್ಳಿಗಳಲ್ಲಿ ಸಿಕ್ಕಿ ಒದ್ದಾಡುವ ಹಂದಿಮರಿಯ ಮೇಲೆ ಅವನು ಎತ್ತಿದ ಚೂರಿ ಗಾಳಿಯಲ್ಲೇ ನಿಲ್ಲುತ್ತದೆ, ಮರಿ ತಪ್ಪಿಸಿಕೊಳ್ಳುತ್ತದೆ. ಕೊಲ್ಲುವುದಕ್ಕೆ ಅವನಿಗೆ ಮುಖಕ್ಕೆ ಬಳಿದ ಜೇಡಿಮಣ್ಣು ಬೇಕಾಯಿತು, ಇದ್ದಿಲು ಬೇಕಾಯಿತು, ಸುತ್ತ ಕೂಗುವ ಗುಂಪು ಬೇಕಾಯಿತು. ರೋಜರ್ ಎಂಬ ಹುಡುಗ ಮೊದಮೊದಲು ಒಬ್ಬ ಪುಟ್ಟವನತ್ತ ಕಲ್ಲೆಸೆಯುವಾಗ ಬೇಕೆಂದೇ ಗುರಿ ತಪ್ಪಿಸುತ್ತಾನೆ. ಅದೇ ರೋಜರ್ ಕಡೆಗೆ ಬಂಡೆ ಉರುಳಿಸಿ ಪಿಗ್ಗಿ ಎಂಬ ಹುಡುಗನನ್ನು ಕೊಲ್ಲುತ್ತಾನೆ. ಮಗ್ಗಿ ಒಪ್ಪಿಸುವ ಹಾಗೆ ಹಂತಹಂತವಾಗಿ, ತಪ್ಪುತ್ತ ತಿದ್ದಿಕೊಳ್ಳುತ್ತ ಕಲಿತ ಕ್ರೌರ್ಯ ಇದು. ಹುಟ್ಟಿನಿಂದಲೇ ಬಂದದ್ದಾದರೆ ಇಷ್ಟು ಅಭ್ಯಾಸ ಏಕೆ?

ಶಾಲೆ, ಪೊಲೀಸು, ಅಪ್ಪ ಅಮ್ಮಂದಿರ ಭಯ ಕಳಚಿದ ಮೇಲೆ ಒಳಗಿದ್ದದ್ದು ಹೊರಬಂತು ಎಂದು ಇದಕ್ಕೆ ಉತ್ತರ ಕೊಡಬಹುದು. ಹಾಗಾದರೆ ಸೈಮನ್‌ನ ಒಳಗಿಂದ ಬಂದದ್ದೇನು? ಆಗಾಗ ತಲೆಸುತ್ತಿ ಬೀಳುವ, ಸಭೆಯಲ್ಲಿ ಎದ್ದು ನಿಂತರೆ ಮಾತು ತೊದಲುವ ಹುಡುಗ ಅವನು. ಎಲ್ಲರೂ ಆಡಲು ಓಡಿದಾಗ ಗುಡಿಸಲು ಕಟ್ಟಲು ಹುಡುಗರ ಮುಖಂಡ ರಾಲ್ಫ್ ಜೊತೆ ಉಳಿಯುತ್ತಾನೆ. ಪುಟ್ಟ ಮಕ್ಕಳ ಕೈಗೆ ಎಟುಕದ ಎತ್ತರದಿಂದ ಹಣ್ಣು ಕಿತ್ತು, ಚಾಚಿದ ಕೈಗಳಿಗೆಲ್ಲ ಹಂಚಿ, ಆಮೇಲೆ ಕಾಡಿನೊಳಗೆ ನಡೆಯುತ್ತಾನೆ. ಜಾಕ್ ಪಿಗ್ಗಿಗೆ ಮಾಂಸ ಕೊಡದೆ ಸತಾಯಿಸಿದಾಗ ತನ್ನ ತುಂಡನ್ನು ಅವನತ್ತ ತಳ್ಳುತ್ತಾನೆ. ಹುಡುಗರೆಲ್ಲ ಹೆದರಿದ್ದ ಬೆಟ್ಟದ ಮೇಲಿನ ‘ಮೃಗ’ ನಿಜಕ್ಕೂ ಪ್ಯಾರಾಚೂಟಿನ ಹಗ್ಗಗಳಲ್ಲಿ ಸಿಕ್ಕಿಕೊಂಡ ಸೈನಿಕನ ಹೆಣ ಎಂದು ಕಂಡಾಗ, ಕೊಳೆತ ವಾಸನೆಗೆ ವಾಂತಿ ಮಾಡಿಕೊಂಡೂ ಆ ಹಗ್ಗಗಳನ್ನು ಬಿಡಿಸಿಯೇ ಕೆಳಗಿಳಿಯುತ್ತಾನೆ. ಯಾರೂ ಕಲಿಸಿದ್ದಲ್ಲ, ಹೊಗಳುವವರೂ ಇರಲಿಲ್ಲ. ಮೊದಲ ಹಸ್ತಪ್ರತಿಯಲ್ಲಿ ಸೈಮನ್ ಬಹುತೇಕ ಸಂತನೇ ಆಗಿದ್ದನಂತೆ. ಫೇಬರ್ ಸಂಸ್ಥೆಯ ಸಂಪಾದಕ ಚಾರ್ಲ್ಸ್ ಮಾಂಟೀತ್ ಒತ್ತಾಯಿಸಿ ಆ ದೈವಿಕತೆಯನ್ನು ಇಳಿಸಿದ. ಉಪಕಾರವಾಯಿತು. ಸಂತನನ್ನು ನಾವು ಪೂಜಿಸಿ ಪಕ್ಕಕ್ಕಿಡುತ್ತೇವೆ. ಹಣ್ಣು ಕಿತ್ತುಕೊಡುವ ಹುಡುಗನನ್ನು ಹಾಗೆ ತಳ್ಳಿಹಾಕಲಾಗದು.

ನನ್ನ ವಾದಕ್ಕೆ ನಿಜವಾದ ತೊಡಕು ಬೇರೆ ಕಡೆ ಇದೆ. ಗುಡುಗು ಮಿಂಚಿನ ರಾತ್ರಿ, ಮೃಗವಿಲ್ಲ ಎಂಬ ಸುದ್ದಿ ಹೊತ್ತು ತೆವಳುತ್ತ ಬಂದ ಸೈಮನ್‌ನನ್ನೇ ಮೃಗವೆಂದು ಹುಡುಗರು ಕೊಂದ ವೃತ್ತದಲ್ಲಿ ಒಳ್ಳೆಯವರಾದ ರಾಲ್ಫ್, ಪಿಗ್ಗಿ ಇಬ್ಬರೂ ಇದ್ದರು. ಮಾಂಸದಾಸೆಗೆ ಹೋದವರು, ಗುಡುಗಿಗೆ ಹೆದರಿ ಕುಣಿತಕ್ಕೆ ಸೇರಿಕೊಂಡರು. ಮರುದಿನ ರಾಲ್ಫ್ ಅದನ್ನು ಕೊಲೆ ಎನ್ನುತ್ತಾನೆ. ಬುದ್ಧಿವಂತ ಪಿಗ್ಗಿ ಆಕಸ್ಮಿಕ ಎನ್ನುತ್ತಾನೆ. ಅವಳಿ ಹುಡುಗರು ತಾವು ಬೇಗ ಹೊರಟೆವೆಂದು ಸುಳ್ಳು ಹೇಳುತ್ತಾರೆ. ನನಗೆ ರಾತ್ರಿಯ ಕುಣಿತಕ್ಕಿಂತ ಈ ಬೆಳಗಿನ ಮಾತುಕತೆಯೇ ಹೆಚ್ಚು ಭಯಾನಕ. ಆದರೂ ಒಂದು ಗಮನಿಸಬೇಕು: ನಾಚಿಕೆ ಇರುವವನಿಗೆ ಮಾತ್ರ ಸುಳ್ಳಿನ ಅಗತ್ಯ ಬೀಳುತ್ತದೆ.

ನಮ್ಮ ಗೋವಿನ ಹಾಡಿನಲ್ಲಿ ಪುಣ್ಯಕೋಟಿಯ ಸತ್ಯಕ್ಕೆ ಅರ್ಬುತ ಕರಗಿದ. ಅವನು ಒಂಟಿ ಹುಲಿ, ಎದುರು ನಿಂತವಳ ಮಾತು ಕಿವಿಗೆ ಬಿತ್ತು. ಸೈಮನ್‌ನ ಎದುರಿಗಿದ್ದದ್ದು ಗುಂಪು, ಅದು ತನ್ನದೇ ಕೂಗಿನಲ್ಲಿ ಕಿವುಡಾಗಿತ್ತು.

ಕಾದಂಬರಿಯ ಹೊರಗೂ ಇಂಥದೇ ಒಂದು ಪ್ರಸಂಗ ನಡೆದಿದೆ. 1965ರಲ್ಲಿ ಟೋಂಗಾದ ಆರು ಶಾಲಾ ಹುಡುಗರು ದೋಣಿ ಕದ್ದು ಹೊರಟು, ಬಿರುಗಾಳಿಗೆ ಸಿಕ್ಕಿ ಅಟಾ ಎಂಬ ನಿರ್ಜನ ದ್ವೀಪ ಸೇರಿದರು. ಮರುವರ್ಷ ಆಸ್ಟ್ರೇಲಿಯಾದ ನಾವಿಕನೊಬ್ಬ ಕಂಡು ಕರೆತರುವವರೆಗೆ ಬೆಂಕಿ ಆರದಂತೆ ನೋಡಿಕೊಂಡರು, ಸರದಿಯಂತೆ ದುಡಿದರು, ಕಾಲು ಮುರಿದುಕೊಂಡ ಗೆಳೆಯನನ್ನು ಸಾಕಿದರು. ಅವರು ಮೊದಲೇ ಗೆಳೆಯರು, ಆರೇ ಜನ; ಇದೊಂದರಿಂದ ಗೋಲ್ಡಿಂಗ್ ಸುಳ್ಳಾಗುವುದಿಲ್ಲ. ಕತ್ತಿ ಹಿಡಿಯುವುದೊಂದೇ ದಾರಿ ಅಲ್ಲ ಎಂಬಷ್ಟು ಮಾತ್ರ ಗೊತ್ತಾಗುತ್ತದೆ.

ಕಾದಂಬರಿಯ ಕೊನೆಯಲ್ಲಿ ಹುಡುಗರನ್ನು ಉಳಿಸಲು ಬರುವ ನೌಕಾಧಿಕಾರಿ, ಬ್ರಿಟಿಷ್ ಹುಡುಗರು ಇದಕ್ಕಿಂತ ಚೆನ್ನಾಗಿ ನಡೆದುಕೊಳ್ಳಬಹುದಿತ್ತು ಎಂದು ಬೇಸರಪಡುತ್ತಾನೆ. ಅವನ ಸೊಂಟದಲ್ಲಿ ಪಿಸ್ತೂಲಿದೆ, ದೂರದಲ್ಲಿ ಅವನ ಯುದ್ಧನೌಕೆ ನಿಂತಿದೆ. ಅವನ ಕೊಲ್ಲುವ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ. ತರಬೇತಿ ಕೊಟ್ಟು, ಸಮವಸ್ತ್ರ ತೊಡಿಸಿ, ಸಂಬಳ ಕೊಟ್ಟು ಕಲಿಸಿದ್ದು.