ಗೊತ್ತಿರಲಿಲ್ಲ ಎಂದರೆ ಹೊಣೆ ತಪ್ಪೀತೆ?

ಆಳುವವನ ಕಿವಿಗೆ ಸತ್ಯ ಬೀಳದಂತೆ ಅವನ ಸುತ್ತಲಿನವರೇ ನೋಡಿಕೊಂಡರೆ, ಆ ಅಜ್ಞಾನದಿಂದ ಆದ ಅನ್ಯಾಯದ ಪಾಪ ಯಾರ ತಲೆಗೆ? ಪ್ರಶ್ನೆ ಹಳೆಯದು. ಮಂತ್ರಿಗಳ ಕೊಠಡಿಯ ಹೊರಗೆ ರಾಜಕೀಯ ಸಲಹೆಗಾರರು, ಆಪ್ತ ಕಾರ್ಯದರ್ಶಿಗಳು, ವಿಶೇಷ ಕರ್ತವ್ಯಾಧಿಕಾರಿಗಳು ಸಾಲುಗಟ್ಟಿರುವ ಈ ಕಾಲದಲ್ಲಿ ಅದು ದಿನನಿತ್ಯದ ಆಡಳಿತದ ಪ್ರಶ್ನೆಯೂ ಆಗಿದೆ. ಅಧಿಕಾರಿವರ್ಗ ರಾಜಕೀಯಕ್ಕೆ ಸಿಕ್ಕಿಕೊಂಡಿದೆ ಎಂದು ದೂರುವಾಗ ನಾವು ವರ್ಗಾವಣೆ, ಶಿಫಾರಸು, ಪಕ್ಷನಿಷ್ಠೆಗಳ ಮಾತಾಡುತ್ತೇವೆ. ಅವೆಲ್ಲ ನಿಜ. ಆದರೆ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕೇಡು: ತಪ್ಪೊಂದು ಹಲವು ಕೈ ದಾಟುವಷ್ಟರಲ್ಲಿ ಯಾರದ್ದೂ ಅಲ್ಲದಂತಾಗಿಬಿಡುವುದು. ಅಧಿಕಾರಿ ಸಲಹೆಗಾರನಿಗೆ ಹೇಳಿದ್ದೆ ಎನ್ನುತ್ತಾನೆ, ಮಂತ್ರಿ ನನಗೆ ಯಾರೂ ಹೇಳಲಿಲ್ಲ ಎನ್ನುತ್ತಾನೆ, ನಡುವೆ ನಿಂತ ಸಲಹೆಗಾರನನ್ನು ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಒಂದು ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೆ ಇಲ್ಲ. 2001ರ ಅಕ್ಟೋಬರ್ ತಿಂಗಳು. ಚುನಾವಣೆ ಎದುರಿಗಿತ್ತು, ದೋಣಿಗಳಲ್ಲಿ ಬರುವ ನಿರಾಶ್ರಿತರೇ ಚುನಾವಣೆಯ ದೊಡ್ಡ ವಿಷಯವಾಗಿದ್ದರು. ಇನ್ನೂರಕ್ಕೂ ಹೆಚ್ಚು ಜನರಿದ್ದ ಒಂದು ದೋಣಿಯನ್ನು ‘ಅಡಿಲೇಡ್’ ಎಂಬ ಯುದ್ಧನೌಕೆ ತಡೆಯಿತು. ಅಕ್ಟೋಬರ್ 7ರಂದು ನೌಕೆಯಿಂದ ಬಂದ ಒಂದು ಫೋನ್ ಮಾತು ಅರ್ಧಂಬರ್ಧವಾಗಿ ಮೇಲೇರಿ, ದೋಣಿಯವರು ತಮ್ಮ ಮಕ್ಕಳನ್ನು ಸಮುದ್ರಕ್ಕೆ ಎಸೆದರು ಎಂಬ ಸುದ್ದಿಯಾಯಿತು. ವಲಸೆ ಮಂತ್ರಿ ಅದನ್ನು ಅಂದೇ ಪತ್ರಕರ್ತರಿಗೆ ಹೇಳಿದರು. ಮರುದಿನ ದೋಣಿ ಮುಳುಗಿತು, ನೌಕಾಪಡೆಯವರು ನೀರಿಗಿಳಿದು ಜನರನ್ನು ಬದುಕಿಸಿದರು. ಆ ರಕ್ಷಣಾಕಾರ್ಯದ ಫೋಟೊಗಳು ರಾಜಧಾನಿ ಸೇರಿದವು. ಆದರೆ ಪತ್ರಿಕೆಗಳ ಕೈಗೆ ಬರುವಾಗ ಅವುಗಳ ಜೊತೆಗಿದ್ದ ದಿನಾಂಕ, ವಿವರಣೆಗಳು ಕಳಚಿಹೋಗಿದ್ದವು. ರಕ್ಷಣಾ ಮಂತ್ರಿ ಪೀಟರ್ ರೀತ್ ಅವನ್ನೇ ಮಕ್ಕಳನ್ನು ಎಸೆದದ್ದಕ್ಕೆ ಸಾಕ್ಷಿಯೆಂದು ಬಿಡುಗಡೆ ಮಾಡಿದರು. ಯಾವ ಮಗುವನ್ನೂ ಯಾರೂ ಎಸೆದಿರಲಿಲ್ಲ. ನೌಕಾಪಡೆಯೊಳಗೆ ಕೆಲವೇ ದಿನಗಳಲ್ಲಿ ಇದು ತಿಳಿದಿತ್ತು. ಮತದಾರರಿಗೆ ಮಾತ್ರ ನವೆಂಬರ್ 10ರ ಮತದಾನದವರೆಗೂ ಸರ್ಕಾರ ಇದನ್ನು ಹೇಳಲಿಲ್ಲ.

ಆ ಫೋಟೊಗಳು ನಕಲಿಯಲ್ಲ. ನೀರಿನಲ್ಲಿದ್ದ ಹೆಂಗಸೂ ನಿಜ, ಮಗುವೂ ನಿಜ. ಬದಲಾದದ್ದು ದಿನ ಒಂದೇ. ಕುರುಕ್ಷೇತ್ರದಲ್ಲಿ ಅಶ್ವತ್ಥಾಮನೆಂಬ ಆನೆ ಸತ್ತದ್ದೂ ನಿಜವೇ ಆಗಿತ್ತು. ಅದು ಆನೆ ಎಂಬ ಮಾತು ದ್ರೋಣನಿಗೆ ಕೇಳಿಸದಂತಾದುದರಲ್ಲೇ ಅಧರ್ಮವಿತ್ತು. ನೆಲದಿಂದ ನಾಲ್ಕು ಬೆರಳು ಮೇಲೆ ಸಾಗುತ್ತಿದ್ದ ಧರ್ಮರಾಯನ ರಥ ಅಂದು ನೆಲಕ್ಕಿಳಿಯಿತು ಎಂದು ಮಹಾಭಾರತ ಹೇಳುತ್ತದೆ. ಅವನು ಆಡಿದ ಮಾತು ಅಕ್ಷರಶಃ ಸರಿಯಿತ್ತಲ್ಲ ಎಂಬ ವಾದವನ್ನು ಆ ಮಹಾಕಾವ್ಯ ಒಪ್ಪಲಿಲ್ಲ. ನಾವೂ ಒಪ್ಪಬಾರದು.

ಮುಂದೆ ನಡೆದದ್ದು ಇನ್ನೂ ಮುಖ್ಯ. ಸೆನೆಟ್ ಸಮಿತಿ 2002ರಲ್ಲಿ ವಿಚಾರಣೆಗೆ ಕುಳಿತಾಗ ಅಡ್ಮಿರಲ್‌ಗಳೂ ಇಲಾಖೆಯ ಅಧಿಕಾರಿಗಳೂ ಬಂದು ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಮಂತ್ರಿಗಳ ಸಲಹೆಗಾರರು ಸಾಕ್ಷ್ಯ ಹೇಳುವುದಕ್ಕೆ ಸರ್ಕಾರ ಒಪ್ಪಲಿಲ್ಲ. ಸಲಹೆಗಾರರಲ್ಲಿ ಒಬ್ಬರಾಗಿದ್ದ ಮೈಕ್ ಸ್ಕ್ರಾಫ್ಟನ್ 2004ರ ಆಗಸ್ಟ್‌ನಲ್ಲಿ, ಆ ಹುದ್ದೆ ಬಿಟ್ಟ ಮೇಲೆ, ಬಾಯಿ ಬಿಟ್ಟರು: ಮತದಾನಕ್ಕೆ ಮೂರು ದಿನ ಮೊದಲೇ ಪ್ರಧಾನಿ ಜಾನ್ ಹೋವರ್ಡ್ ಅವರಿಗೆ, ಮಕ್ಕಳನ್ನು ಎಸೆದರೆಂದು ತಮಗೆ ಗೊತ್ತಿರುವ ಯಾರೂ ನಂಬುತ್ತಿಲ್ಲ ಎಂದು ಹೇಳಿದ್ದಾಗಿ. ಹೋವರ್ಡ್ ಅದನ್ನು ಅಲ್ಲಗಳೆದರು. ತಾವು ಮಾತಾಡಿದ್ದು ಒಂದು ವಿಡಿಯೊ ಬಗ್ಗೆ ಮಾತ್ರ ಎಂದರು. ಯಾರ ನೆನಪು ಸರಿ ಎಂದು ತೀರ್ಮಾನಿಸಲು ಕಾಗದವೇ ಇಲ್ಲ. ನನ್ನ ವಾದವೂ ಅದೇ. ಫೋನಿನಲ್ಲಿ ಹೋದ ಮಾತಿಗೆ ಕಡತವಿಲ್ಲ, ಕಡತವಿಲ್ಲದ ಕಡೆ ಹೊಣೆ ಹೊರುವವರಿಲ್ಲ.

ಹೀಗೆ ಹೊಣೆಯನ್ನು ಹಂಚಿ ಹಂಚಿ ಇಲ್ಲವಾಗಿಸಬಹುದು ಎಂಬ ಲೆಕ್ಕವನ್ನು ಜೈನ ಚಿಂತನೆ ಬೇರಿನಲ್ಲೇ ನಿರಾಕರಿಸಿದೆ. ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಈ ಮೂರಕ್ಕೂ ಕರ್ಮಬಂಧ ಉಂಟು ಎಂಬುದು ಅಲ್ಲಿನ ನಿಲುವು. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯನ್ನು ಈ ಕಣ್ಣಿನಿಂದ ಓದಬೇಕು. ದೇವಿಗೆ ಬಲಿ ಕೊಡು ಎಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಕೊಲ್ಲಲು ಮನಸ್ಸಿಲ್ಲದ ರಾಜ ನಡುವಿನ ದಾರಿ ಹಿಡಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಸಲಹೆ ಕೊಟ್ಟದ್ದು ಅವಳು, ಕತ್ತಿ ಎತ್ತಿದ್ದು ಅವನು, ಸತ್ತದ್ದು ಬರೀ ಹಿಟ್ಟು. ಆದರೂ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ತೊಳಲುತ್ತಾರೆ. ತಾಯಿ ಹೇಳಿದ್ದಕ್ಕೆ ಮಾಡಿದೆ ಎಂದು ಮಗನಿಗೆ ರಿಯಾಯಿತಿ ಸಿಗಲಿಲ್ಲ. ಕೈ ಮಗನದು ಎಂದು ತಾಯಿಗೂ ಸಿಗಲಿಲ್ಲ. ಇಬ್ಬರ ಪಾಲೂ ಪೂರ್ತಿ ಪಾಲೇ. ಪುನರ್ಜನ್ಮವನ್ನು ನಂಬದವರಿಗೂ ಇಲ್ಲಿರುವ ನೈತಿಕ ಗಣಿತ ಅರ್ಥವಾಗಬೇಕು: ತಪ್ಪಿನಲ್ಲಿ ಪಾಲುದಾರರು ಹೆಚ್ಚಾದರೆ ಒಬ್ಬೊಬ್ಬರ ಭಾರ ಕಡಿಮೆಯಾಗುವುದಿಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವಿದೆ. ಮಂತ್ರಿ ಜನರಿಂದ ಆಯ್ಕೆಯಾಗಿ ಬಂದವನು, ಅಧಿಕಾರಿ ಪರೀಕ್ಷೆ ಬರೆದು ಬಂದವನು. ತನ್ನವರೆಂಬ ನಾಲ್ಕು ಜನ ಜೊತೆಗಿಲ್ಲದಿದ್ದರೆ ಮಂತ್ರಿ ಕಡತಗಳ ಕಾಡಿನಲ್ಲಿ ಕಳೆದುಹೋಗುತ್ತಾನೆ. ಅಧಿಕಾರಿಗಳ ತಟಸ್ಥತೆ ಎಂಬುದು ಎಷ್ಟೋ ಸಲ ಉಳ್ಳವರ ಪರವಾದ ತಟಸ್ಥತೆಯೇ ಆಗಿರುತ್ತದೆ. ಈ ಮಾತನ್ನು ನಾನು ತಳ್ಳಿಹಾಕಲಾರೆ, ಏಕೆಂದರೆ ಕರ್ನಾಟಕದಲ್ಲಿ ಅದಕ್ಕೆ ಒಳ್ಳೆಯ ನಿದರ್ಶನವಿದೆ. ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣೆಯನ್ನು ಜಾರಿಗೆ ತಂದಾಗ ಗೇಣಿದಾರರ ಅರ್ಜಿಗಳನ್ನು ಕಂದಾಯ ಇಲಾಖೆಯೊಂದಕ್ಕೇ ಒಪ್ಪಿಸಲಿಲ್ಲ. ಭೂ ನ್ಯಾಯಮಂಡಳಿಗಳಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆಗೆ ಸರ್ಕಾರ ನೇಮಿಸಿದ ಸಾರ್ವಜನಿಕ ಸದಸ್ಯರೂ ಕುಳಿತರು. ಅದು ಆಡಳಿತದೊಳಕ್ಕೆ ರಾಜಕೀಯ ಬಂದದ್ದೇ ಸರಿ. ಆ ರಾಜಕೀಯ ಇಲ್ಲದಿದ್ದರೆ ಎಷ್ಟೋ ಒಕ್ಕಲು ಮನೆಗಳ ಹೆಸರಿಗೆ ಜಮೀನು ಬರುತ್ತಿರಲಿಲ್ಲ. ಆದರೆ ಆ ಸದಸ್ಯರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಅವರು ಎಲ್ಲರೆದುರು ಕುಳಿತು ಅರ್ಜಿ ಕೇಳಿದರು, ಆದೇಶಕ್ಕೆ ಸಹಿ ಹಾಕಿದರು. ಒಪ್ಪದವರು ಆ ಆದೇಶವನ್ನು ಹಿಡಿದು ಹೈಕೋರ್ಟಿಗೆ ರಿಟ್ ಹಾಕಬಹುದಿತ್ತು, ಹಾಕಿದರು ಕೂಡ. ನನ್ನ ತಕರಾರು ರಾಜಕೀಯದ ಮೇಲಿಲ್ಲ. ಸಹಿ ಹಾಕದೆ ನಡೆಸುವ ಅಧಿಕಾರದ ಮೇಲಿದೆ.

ಎಲ್ಲವನ್ನೂ ಒಬ್ಬ ಮಂತ್ರಿ ತಿಳಿದಿರಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ. ಆದರೆ ತಿಳಿಯದೇ ಇರುವುದು ಬೇರೆ, ತಿಳಿಯದಂತೆ ವ್ಯವಸ್ಥೆ ಮಾಡಿಕೊಳ್ಳುವುದು ಬೇರೆ. ಹುಟ್ಟುಕುರುಡ ಧೃತರಾಷ್ಟ್ರನೂ ನಿದ್ದೆ ಬಾರದ ರಾತ್ರಿ ವಿದುರನನ್ನು ಕರೆಸಿ, ಕೇಳಲು ಕಹಿಯಾದುದನ್ನು ಕೇಳಿಸಿಕೊಂಡ. ಅದರಂತೆ ನಡೆಯದೇ ಹೋದ, ನಿಜ. ನನಗೆ ಯಾರೂ ಹೇಳಲಿಲ್ಲ ಎನ್ನುವ ದಾರಿ ಮಾತ್ರ ಅವನಿಗೆ ಉಳಿಯಲಿಲ್ಲ. 1949ರ ಅಕ್ಟೋಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಸರ್ದಾರ್ ಪಟೇಲರು, ತಮ್ಮ ಕಾರ್ಯದರ್ಶಿ ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ಟಿಪ್ಪಣಿ ಬರೆಯಬಹುದು ಎಂದು ಹೇಳಿದ್ದು ಈ ಕಾರಣಕ್ಕೇ. ಬರೆದಿಟ್ಟ ಭಿನ್ನಾಭಿಪ್ರಾಯ ಮಂತ್ರಿಯ ಅಜ್ಞಾನಕ್ಕೆ ಜಾಗ ಬಿಡುವುದಿಲ್ಲ.

ಆ ಮಾತಿಗೆ ಇಪ್ಪತ್ತಾರು ವರ್ಷ ತುಂಬುವ ಮೊದಲೇ, ತುರ್ತು ಪರಿಸ್ಥಿತಿ ಹೇರಿದ 1975ರ ಜೂನ್ 25ರ ರಾತ್ರಿ, ದೆಹಲಿಯ ಬಹಾದುರ್ ಶಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳ ವಿದ್ಯುತ್ ಕಡಿತವಾಯಿತು. ತುರ್ತು ಪರಿಸ್ಥಿತಿಯ ಅತಿರೇಕಗಳ ತನಿಖೆಗೆ ನೇಮಕವಾದ ಷಾ ಆಯೋಗ ವಿಚಾರಿಸಿದಾಗ ತಿಳಿದದ್ದು, ಅದು ಬಾಯಿಮಾತಿನ ಆದೇಶ ಎಂದು. 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಕೂಡದು, ಅದನ್ನು ದಾಖಲಿಸಬೇಕು ಎಂದಿತು. ಇದು ಅಧಿಕಾರಿಗೆ ಹಾಕಿದ ಕಟ್ಟು. ಫೋನಿನ ಆ ತುದಿಯಲ್ಲಿ ‘ಸಾಹೇಬರು ಹೇಳಿದ್ದಾರೆ’ ಎನ್ನುವವರಿಗೆ ಇನ್ನೂ ಕಟ್ಟಿಲ್ಲ. ಮುಖ್ಯಮಂತ್ರಿಗಳ ರಾಜಕೀಯ ಕಾರ್ಯದರ್ಶಿಗಳಿಗೂ ಸಲಹೆಗಾರರಿಗೂ ಸಂಪುಟ ದರ್ಜೆ ಕೊಡುವ ರೂಢಿ ನಮ್ಮ ರಾಜ್ಯದಲ್ಲಿದೆ. ದರ್ಜೆ ಮಂತ್ರಿಯದಾದರೆ ಉತ್ತರ ಹೇಳುವ ಹೊಣೆಯೂ ಮಂತ್ರಿಯದೇ ಆಗಬೇಕು. ಅವರು ಯಾವ ಇಲಾಖೆಗೆ ಏನು ಸೂಚಿಸಿದರು ಎಂಬುದು ಕಡತದಲ್ಲಿ ಬರಲಿ. ಶಾಸನಸಭೆಯ ಸಮಿತಿ ಕರೆದಾಗ ಅವರೇ ಬಂದು ಉತ್ತರಿಸಲಿ. ಆಳುವ ಪಕ್ಷದ ಶಾಸಕರೂ ವಿರೋಧ ಪಕ್ಷದ ಶಾಸಕರೂ ಒಟ್ಟಿಗೆ ಈ ನಿಯಮವನ್ನು ತರಬೇಕು, ಮುಂದಿನ ಚುನಾವಣೆಗೆ ಮೊದಲೇ ತರಬೇಕು.