ಸಾಧನವೂ ಶ್ರವಣವೂ

ಮನುಷ್ಯನು ಒಂದು ಸುಖವನ್ನು ಪಡೆಯಲೆಂದು ಸಾಧನವನ್ನು ಸಂಪಾದಿಸುತ್ತಾನೆ. ಕೆಲವು ಕಾಲ ಕಳೆದ ಮೇಲೆ ಆ ಸಾಧನವೇ ಸುಖದ ಪೀಠವನ್ನೇರಿ ಕುಳಿತು ತನಗೆ ಪೂಜೆಯಾಗಬೇಕೆಂದು ಕೇಳುತ್ತದೆ. ಈ ಪಲ್ಲಟವು ಯಾವ ಗಳಿಗೆಯಲ್ಲಿ ಆಯಿತೆಂಬುದು ಅವನಿಗೇ ತಿಳಿಯದು. ಸಂಗೀತವನ್ನು ಮನೆಗೆ ತಂದುಕೊಡುವ ಯಂತ್ರಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ವಿಚಾರಾರ್ಹವಾಗಿದೆ.

ಸಂಗೀತಪ್ರಿಯನಾದ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಅವನ ಮನೆಯಲ್ಲಿ ಸಾಧಾರಣ ಬೆಲೆಯದೊಂದು ಟರ್ನ್‌ಟೇಬಲ್, ಒಂದು ಆಂಪ್ಲಿಫಯರ್, ಎರಡು ಧ್ವನಿವರ್ಧಕಗಳು ಇವೆ. ಟರ್ನ್‌ಟೇಬಲ್ಲನ್ನು ಬದಲಾಯಿಸಿ ಅದರ ಹತ್ತರಷ್ಟು ಬೆಲೆಯುಳ್ಳ ಮತ್ತೊಂದನ್ನು ತರಬೇಕೆಂದು ಅವನಿಗೆ ಆಸೆ. ಹಣಕ್ಕೆ ತೀರ ಕೊರತೆಯಿಲ್ಲ. ಆದರೆ ಅದೇ ಹಣವನ್ನು ಮಗಳ ವ್ಯಾಸಂಗವೂ ಸೋರುವ ಮಾಳಿಗೆಯೂ ಕೇಳುತ್ತಿವೆ. ಅವನ ಆಸೆಯನ್ನು ರಸಿಕತೆ ಎನ್ನಬೇಕೆ, ಲೋಭ ಎನ್ನಬೇಕೆ?

ಆಸೆಯ ಪಕ್ಷದಲ್ಲಿ ಹೇಳತಕ್ಕ ಮಾತು ಅಲ್ಪವಾದುದಲ್ಲ. 1948ರಲ್ಲಿ ಬಳಕೆಗೆ ಬಂದ ದೀರ್ಘಾವಧಿಯ ಧ್ವನಿಮುದ್ರಿಕೆಯು ನಿಮಿಷಕ್ಕೆ 33⅓ ಸಾರಿ ಸುತ್ತಬೇಕು. ಆ ವೇಗವು ನೂರಕ್ಕೆ ಆರರಷ್ಟು ಹೆಚ್ಚಿದರೆ ಗಾಯಕನ ಷಡ್ಜವೇ ಒಂದು ಸ್ವರಸ್ಥಾನದಷ್ಟು ಮೇಲಕ್ಕೆ ಸರಿಯುತ್ತದೆ. ವೇಗವು ಏರಿಳಿಯುತ್ತಿದ್ದರೆ ನಿಂತ ಸ್ವರವೂ ತೂಗಾಡುತ್ತದೆ. ವಜ್ರದ ಮುಳ್ಳು ಓದುವ ಗೀರಿನ ಅಂಕುಡೊಂಕುಗಳು ಅತಿಸೂಕ್ಷ್ಮವಾದವು. ಮೋಟಾರಿನ ನಡುಕವನ್ನೂ ಬೇರಿಂಗಿನ ಸದ್ದನ್ನೂ ಆ ಮುಳ್ಳು ಸಂಗೀತದೊಡನೆ ಬೆರೆಸಿಯೇ ಮುಂದಕ್ಕೆ ಸಾಗಿಸುತ್ತದೆ. ಧ್ವನಿವರ್ಧಕವೇ ಪ್ರಧಾನವೆಂದು ಬಹುಮಂದಿ ನಂಬಿದ್ದ ಕಾಲದಲ್ಲಿ, ಎಂದರೆ 1970ರ ದಶಕದ ಆದಿಯಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋವಿನಿಂದ ಲಿನ್ ಸಾಂಡೆಕ್ ಎಲ್‌ಪಿ12 ಎಂಬ ಯಂತ್ರವನ್ನು ಹೊರತಂದ ಐವರ್ ಟೀಫೆನ್‌ಬ್ರನ್ ಅವರು ಸಾರಿದ ತತ್ತ್ವವು ಇದೇ: ಮೂಲದಲ್ಲಿ ಕಳೆದುಹೋದುದನ್ನು ಮುಂದಿನ ಯಾವ ಯಂತ್ರವೂ ಮರಳಿ ತರಲಾರದು. ಕೆರೆಯೇ ಕದಡಿದ ಬಳಿಕ ಕಾಲುವೆಯನ್ನು ಎಷ್ಟು ತೊಳೆದರೇನು?

ಈ ವಾದವು ಸರಿಯಾದುದೇ. ಆದರೆ ಅದನ್ನು ಒಪ್ಪಿದವನು ಕೊನೆಯವರೆಗೂ ಒಪ್ಪಬೇಕಾಗುತ್ತದೆ. ಟರ್ನ್‌ಟೇಬಲ್ ನಿಜವಾಗಿ ಮೂಲವೆ? ಅದರ ಹಿಂದೆ ಮುದ್ರಿಕೆಯಿದೆ. ಮುದ್ರಿಕೆಯ ಹಿಂದೆ ಅದನ್ನು ಕೊರೆದ ಯಂತ್ರವಿದೆ. ಅದರ ಹಿಂದೆ ಹಾಡಿದ ಕಂಠವಿದೆ. 1902ರಲ್ಲಿ ಗೌಹರ್ ಜಾನ್ ಅವರು ಕಲ್ಕತ್ತೆಯಲ್ಲಿ ತುತ್ತೂರಿಯಂಥ ಕೊಳವೆಯ ಮುಂದೆ ನಿಂತು, ರಾಗದ ವಿಸ್ತಾರವನ್ನೆಲ್ಲ ಸುಮಾರು ಮೂರು ನಿಮಿಷಕ್ಕೆ ಅಡಗಿಸಿ ಹಾಡಿದರು. ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರಿದರು. ಮೈಸೂರಿನ ಆಸ್ಥಾನವನ್ನು ಸೇರಿ 1930ರಲ್ಲಿ ಅಲ್ಲಿಯೇ ಕಾಲವಾದ ಆ ಗಾಯಕಿಯ ಕಂಠದಲ್ಲಿ ಅಂದಿನ ಕೊಳವೆಯು ಹಿಡಿಯಲಾರದೆ ಬಿಟ್ಟುದನ್ನು ಇಂದಿನ ಯಾವ ಯಂತ್ರವೂ ಕೊಡಲಾರದು. ಆದರೂ ಆ ಅಲ್ಪ ಧ್ವನಿಯನ್ನು ಕೇಳಿ ಕಣ್ಣು ತೇವವಾದವರಿಲ್ಲವೆ? ಹೀಗಿರಲಾಗಿ, ಧ್ವನಿಯ ಪೂರ್ಣತೆ ಬೇರೆ, ರಸದ ಪೂರ್ಣತೆ ಬೇರೆ ಎಂದು ಹೇಳಬೇಕಾಗುತ್ತದೆ.

ಸರಪಣಿಗೆ ಒಂದು ತುದಿ ಮಾತ್ರವಲ್ಲ, ಇನ್ನೊಂದು ತುದಿಯೂ ಉಂಟು. ಅದು ಕೇಳುವವನ ಮನಸ್ಸು. ಮೂಲದಲ್ಲಿ ಕಳೆದುದು ಮರಳದೆಂಬುದು ಎಷ್ಟು ನಿಜವೋ, ಕೊನೆಯ ಕೊಂಡಿಯಲ್ಲಿ ಕಳಚಿದುದೂ ದಕ್ಕದೆಂಬುದು ಅಷ್ಟೇ ನಿಜ. ಬೆಲೆಯುಳ್ಳ ಯಂತ್ರವನ್ನು ತಂದವನು ಅನೇಕ ವೇಳೆ ಹಾಡನ್ನು ಕೇಳುವುದಿಲ್ಲ. ಹಾಡಿನ ನೆಪದಲ್ಲಿ ಯಂತ್ರವನ್ನು ಪರೀಕ್ಷಿಸುತ್ತಾನೆ. ತಾಳದ ಪೆಟ್ಟು ಸ್ಪಷ್ಟವಾಯಿತೆ, ತಂಬೂರಿಯ ನಾದ ಬೇರೆಯಾಗಿ ನಿಂತಿತೆ ಎಂದು ನೋಡುತ್ತಿರುವಾಗ ರಾಗವು ಬಂದು ಬಾಗಿಲಿನಿಂದಲೇ ಹಿಂದಿರುಗಿರುತ್ತದೆ. ಮನೆಯವರು ಮಾತನಾಡಿದರೆ ಅವನಿಗೆ ಕೋಪ. ಮಗು ಕುಣಿದರೆ ಮುಳ್ಳು ಜಿಗಿದೀತೆಂಬ ಭಯ. ಯಾವ ಮನೆಗೆ ಸಂಗೀತವನ್ನು ತರಲೆಂದು ಯಂತ್ರವು ಬಂದಿತೋ ಆ ಮನೆಯೇ ಅದರಿಂದ ದೂರ ಸರಿಯುತ್ತದೆ.

ಹಾಗಾದರೆ ಉತ್ತಮವಾದುದನ್ನು ಬಯಸುವುದೇ ದೋಷವೆ? ಹಾಗಲ್ಲ. ಕಲಾವಿದನು ಪಟ್ಟ ಶ್ರಮವನ್ನು ಕೆಡಿಸದೆ ಕೇಳಬೇಕೆಂಬುದು ಅವನಿಗೆ ಸಲ್ಲತಕ್ಕ ಗೌರವವೇ. ಆದರೆ ಗೌರವಕ್ಕೆ ಒಂದು ಲಕ್ಷಣವಿದೆ: ತಾನು ನಿವಾರಿಸಬಯಸುವ ದೋಷದ ಹೆಸರನ್ನು ಅದು ಹೇಳಬಲ್ಲುದು. ನಿಂತ ಸ್ವರವು ನಡುಗುತ್ತಿದೆ, ಮೌನದ ಅಡಿಯಲ್ಲಿ ಗುಡುಗಿನಂಥ ಸದ್ದಿದೆ ಎಂದು ಅದು ಬೆರಳಿಟ್ಟು ತೋರಿಸುತ್ತದೆ. ದೋಷವು ತೀರಿದ ದಿನ ತೃಪ್ತವಾಗುತ್ತದೆ. ಲೋಭವು ಹೆಸರಿಸಲಾರದು, ಇನ್ನೂ ಉತ್ತಮವಾದುದು ಎಲ್ಲಿಯೋ ಇದೆ ಎಂಬುದಿಷ್ಟೇ ಅದಕ್ಕೆ ಗೊತ್ತು. ಆ ಹಾದಿಗೆ ಕೊನೆಯಿಲ್ಲ. ಮೇಲೆ ಹೇಳಿದ ಎಲ್‌ಪಿ12 ಯಂತ್ರದ ಐವತ್ತನೆಯ ವರ್ಷದ ಸ್ಮರಣೆಗಾಗಿ 2023ರಲ್ಲಿ ಹೊರಟ ವಿಶೇಷ ಮಾದರಿಯ ಬೆಲೆ 50,000 ಪೌಂಡು. ಮಾಡಲು ನಿಶ್ಚಯಿಸಿದುದು 250 ಮಾತ್ರ. ಅದೇ ಯಂತ್ರದ ಇನ್ನೊಂದು ಗುಣವೂ ಗಮನಾರ್ಹ: ಹಳೆಯದನ್ನು ತ್ಯಜಿಸದೆ, ಅದರ ಬೇರಿಂಗನ್ನೋ ತೋಳನ್ನೋ ಒಂದೊಂದಾಗಿ ಉತ್ತಮಪಡಿಸಿಕೊಳ್ಳಬಹುದು. ಒಂದೇ ವಸ್ತುವಿನಲ್ಲಿ ಆಡಂಬರಕ್ಕೂ ಮಿತವ್ಯಯಕ್ಕೂ ದಾರಿಯಿದೆ, ಆರಿಸಿಕೊಳ್ಳಬೇಕಾದವನು ಮನುಷ್ಯನು.

ಆದುದರಿಂದ ಆ ಗೃಹಸ್ಥನು ಅಂಗಡಿಗೆ ಹೋಗುವುದಕ್ಕೆ ಮೊದಲು ಮನೆಯಲ್ಲಿ ಮಾಡತಕ್ಕ ಕೆಲಸವಿದೆ. ಇರುವ ಯಂತ್ರವನ್ನು ಸಮತಟ್ಟಾಗಿ ನಿಲ್ಲಿಸಲಿ. ಸವೆದ ಮುಳ್ಳನ್ನು ಬದಲಾಯಿಸಲಿ. ತೋಳಿನ ಭಾರವನ್ನು ಸರಿಪಡಿಸಲಿ. ಮುದ್ರಿಕೆಯ ಧೂಳನ್ನು ಒರೆಸಲಿ. ಅನಂತರ ಒಂದು ಸಂಜೆ ಹೆಂಡತಿ ಮಕ್ಕಳೊಡನೆ ಕುಳಿತು ಒಂದೇ ಮುದ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೂ ಕೇಳಲಿ. ಅಷ್ಟಾದ ಮೇಲೂ ಹೆಸರಿಸಬಹುದಾದ ದೋಷ ಉಳಿದಿದ್ದು, ಮಾಳಿಗೆಯೂ ಸೋರದೆ ಇದ್ದರೆ, ಹೊಸದನ್ನು ತರುವುದರಲ್ಲಿ ಅಪರಾಧವಿಲ್ಲ. ದೋಷವೇ ನೆನಪಿಗೆ ಬಾರದೆ ಮುದ್ರಿಕೆಯು ಮುಗಿದುಹೋದರೆ, ಅವನಿಗೆ ಬೇಕಾದುದು ಆಗಲೇ ಮನೆಯಲ್ಲಿದೆ.