ಮೂಲವಿಲ್ಲದ ಪ್ರತಿಗಳು

ಡೇಟಾಬೇಸ್‌ನ ರೆಪ್ಲಿಕಾ (ನಕಲು ಪ್ರತಿ) ತಾಳೆ ತಪ್ಪಿದರೆ ಮುಖ್ಯ ಸರ್ವರ್‌ಗೆ ಹೋಲಿಸಿ, ವ್ಯತ್ಯಾಸ ಹುಡುಕಿ ಸರಿಪಡಿಸುತ್ತಾರೆ. ಮುಖ್ಯ ಸರ್ವರೇ ಇಲ್ಲದಿದ್ದರೆ?

ವಚನಗಳದ್ದು ಇದೇ ಪಾಡು. ವಚನಕಾರ ಬಸವಣ್ಣನವರ ಕೈಬರಹದ ಒಂದು ಓಲೆಯೂ ಸಿಕ್ಕಿಲ್ಲ. ಉಳಿದದ್ದು ಮಠ, ಮನೆಗಳಲ್ಲಿದ್ದ ತಾಳೆಗರಿ ನಕಲುಗಳು. ವಿಜಯಪುರದ ವಕೀಲ ಫ. ಗು. ಹಳಕಟ್ಟಿ ಅವನ್ನು ಅರಸಿ ಊರೂರು ಸುತ್ತಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಆದರೆ ಒಂದು ತಾಳೆಗರಿ ಕಟ್ಟಿನಲ್ಲಿದ್ದ ಸಾಲು ಕೆಲವೊಮ್ಮೆ ಇನ್ನೊಂದರಲ್ಲಿ ಇರುವುದಿಲ್ಲ.

ಹಾಗಾದರೆ ನಿಜವಾದ ವಚನ ಯಾವುದು? ಹಳೆಯ ಪ್ರತಿಯೇ ಎನ್ನುವಂತಿಲ್ಲ; ಹಳೆಯ ಲಿಪಿಕಾರನ ಕೈಯೂ ತಪ್ಪಿರಬಹುದು. ಬೇರೆ ಬೇರೆ ಕಡೆಯ ಪ್ರತಿಗಳು ಒಪ್ಪುವ ಪಾಠಕ್ಕೇ ತೂಕ ಹೆಚ್ಚು.

ವಚನದ ಕೊನೆಯ ಅಂಕಿತವಂತೂ ವಚನಕಾರರ ಗುರುತು, ಹೆಚ್ಚಾಗಿ ಅವರ ದೇವರ ಹೆಸರೂ ಹೌದು. ಭಕ್ತಿಯಿಂದಲೂ ಅದನ್ನು ತಿದ್ದಬಾರದು. ‘ಬಸವ ವಚನ ದೀಪ್ತಿ’ ಎಂಬ ಪುಸ್ತಕದಲ್ಲಿ ಬಸವಣ್ಣನವರ ಅಂಕಿತ ‘ಕೂಡಲಸಂಗಮದೇವ’ವು ‘ಲಿಂಗದೇವ’ ಆದಾಗ 1998ರಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು.